ಮಾತ್ರೆಯೊಳಗಿನ ಪಾಕ

ಜ್ವರಕ್ಕೋ ತಲೆನೋವಿಗೋ ನಾವು ನುಂಗುವ ಮಾತ್ರೆ ಪುಡಿಪುಡಿಯಾಗದೆ ಗಟ್ಟಿಯಾಗಿ ನಿಲ್ಲುವುದಾದರೂ ಹೇಗೆ? ಸಣ್ಣದೆನಿಸುವ ಈ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಗುಳಿಗೆ ಮಾಡುವ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಬ್ರಾಕೆಡನ್. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಪುಡಿಯನ್ನು ಒತ್ತುವುದೂ ಅದೇ ಪೇಟೆಂಟಿನಲ್ಲಿ ಸೇರಿತ್ತು. ಆದರೆ ಎಲ್ಲ ಔಷಧದ ಪುಡಿಯೂ ಒತ್ತಿದ ಮಾತ್ರಕ್ಕೆ ಕೂಡಿಕೊಳ್ಳದು. ನುಣುಪಾದ ಪುಡಿ ಯಂತ್ರದ ಅಚ್ಚಿಗೆ ಸರಾಗವಾಗಿ ಇಳಿಯುವುದೂ ಇಲ್ಲ. ಹೀಗಾಗಿ ಅದನ್ನು ಗಂಜಿಯಂತಹ ಅಂಟಿನಲ್ಲಿ ಕಲಸಿ, ಜರಡಿಯಾಡಿಸಿ, ಒಣಗಿಸಿ ರವೆಯಂತಹ ಹರಳು ಮಾಡಿಕೊಳ್ಳುವುದು ರೂಢಿಗೆ ಬಂತು.

ಕೆಲವು ಔಷಧಗಳಿಗೆ ಈ ನೀರೇ ಶತ್ರು. ತೇವ ತಗುಲಿದ ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಹಳೆಯ ಸೀಸೆಯಿಂದ ವಿನೆಗರ್ ವಾಸನೆ ಬರುವುದು ಇದರಿಂದಲೇ.

ಇದಕ್ಕೆ ಪರಿಹಾರವಾಗಿ ಬಂದದ್ದು ಕರಗಿಸಿ ಹರಳುಗಟ್ಟಿಸುವ ವಿಧಾನ. ನಮ್ಮ ಕಡಲೆಕಾಯಿ ಚಿಕ್ಕಿಯನ್ನು ನೆನೆಯಿರಿ. ಬಿಸಿ ಬೆಲ್ಲದ ಪಾಕ ಬೀಜಗಳನ್ನು ಹಿಡಿದುಕೊಂಡು, ಆರಿದಾಗ ಗಟ್ಟಿಯಾಗುತ್ತದೆ. ಇಲ್ಲಿ ಪಾಕದ ಕೆಲಸ ಮಾಡುವುದು ಮೇಣ ಅಥವಾ ಪಾಲಿಎಥಿಲೀನ್ ಗ್ಲೈಕಾಲ್. ಇಂಥವು ಸುಮಾರು 50ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುತ್ತವೆ. ನೀರೂ ಬೇಡ, ಒಣಗಿಸುವ ಶ್ರಮವೂ ಇಲ್ಲ. ಮೇಣ ಬಳಸಿದರೆ ಔಷಧ ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವಂತೆಯೂ ಮಾಡಬಹುದು. ಆದರೆ ಶಾಖ ತಾಳದ ಔಷಧಗಳಿಗೆ ಈ ದಾರಿ ಸಲ್ಲದು.

ಇದರ ಹತ್ತಿರದ ಬಂಧುವೇ ಕರಗಿಸಿ ಹಿಂಡುವ ವಿಧಾನ. ಪ್ಲಾಸ್ಟಿಕ್ ಉದ್ಯಮದಿಂದ ಬಂದ ತಿರುಪು ಯಂತ್ರ ಇದರ ಜೀವಾಳ. ಔಷಧವು ಕರಗಿದ ಪಾಲಿಮರಿನಲ್ಲಿ ಬೆರೆತು ಹಾಗೆಯೇ ಗಟ್ಟಿಯಾಗುತ್ತದೆ. ಇದರ ಬೆಲೆ ತಿಳಿದದ್ದು ಏಡ್ಸ್ ಚಿಕಿತ್ಸೆಯಲ್ಲಿ. 1998ರಲ್ಲಿ ರಿಟೊನಾವಿರ್ ಎಂಬ ಔಷಧ ಕ್ಯಾಪ್ಸೂಲಿನೊಳಗೆ ಸುಲಭವಾಗಿ ಕರಗದ ಹೊಸ ಹರಳಾಗಿ ಮಾರ್ಪಟ್ಟು, ಆ ಕ್ಯಾಪ್ಸೂಲಿನ ಪೂರೈಕೆಯೇ ನಿಂತುಹೋಯಿತು. 2000ದಲ್ಲಿ ಲೋಪಿನಾವಿರ್ ಜತೆ ಸೇರಿ ಅದು ಕಲೆಟ್ರಾ ಕ್ಯಾಪ್ಸೂಲ್ ಆಗಿ ಬಂದಾಗಲೂ ಫ್ರಿಜ್ಜಿನ ಆಸರೆ ಬೇಕಿತ್ತು. ವಿದ್ಯುತ್ತೇ ಇಲ್ಲದ ಆಫ್ರಿಕದ ಹಳ್ಳಿಯ ರೋಗಿ ಏನು ಮಾಡಬೇಕು?

2005ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದ, ಕರಗಿಸಿ ಹಿಂಡಿ ತಯಾರಿಸಿದ ಮಾತ್ರೆ ಈ ತೊಡಕನ್ನು ಬಿಡಿಸಿತು. ಫ್ರಿಜ್ಜು ಬೇಡವಾಯಿತು, ದಿನಕ್ಕೆ ಆರು ಕ್ಯಾಪ್ಸೂಲ್ ನುಂಗುತ್ತಿದ್ದವರಿಗೆ ನಾಲ್ಕೇ ಮಾತ್ರೆ ಸಾಕಾಯಿತು. ಆದರೂ ಬಡ ದೇಶಗಳಿಗೆ ಅದು ಇನ್ನೂ ತಲುಪಿಲ್ಲವೆಂಬ ದೂರು 2006ರಲ್ಲಿ ಕೇಳಿಬಂತು. ಮಾತ್ರೆ ಕೆಡದಂತೆ ಮಾಡುವ ವಿದ್ಯೆ ಒಂದು. ಅದನ್ನು ರೋಗಿಯ ಕೈಗೆ ಮುಟ್ಟಿಸುವುದು ಇನ್ನೊಂದು.