ಸಮುದ್ರವಿಲ್ಲದ ಊರಿನಿಂದ ನೌಕಾಪಡೆಯ ಮುಖ್ಯಸ್ಥ: ರಾಮದಾಸ್ ಕಟಾರಿ

ಕೊಂಡಾಪುರದ ಮಕ್ಕಳನ್ನು "ಮುಂದೆ ಏನಾಗ್ತೀರಿ?" ಅಂತ ಕೇಳಿದರೆ ಸಾಫ್ಟ್‌ವೇರ್ ಅಂತಾರೆ, ಡಾಕ್ಟರ್ ಅಂತಾರೆ. ನೌಕಾಪಡೆ ಅನ್ನೋ ಉತ್ತರ ಅಪರೂಪ. ಹೈದರಾಬಾದಿನಲ್ಲಿ ಸಮುದ್ರವೇ ಇಲ್ಲವಲ್ಲ! ಆದರೆ ಭಾರತೀಯ ನೌಕಾಪಡೆಗೆ ಮುಖ್ಯಸ್ಥರಾದ ಮೊದಲ ಭಾರತೀಯ ಓದಿದ್ದು ಇದೇ ನಗರದ ಇನ್ನೊಂದು ಬದಿಗಿರುವ ಸಿಕಂದರಾಬಾದಿನಲ್ಲಿ, ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಮಹಬೂಬ್ ಕಾಲೇಜು ಹೈಸ್ಕೂಲಿನಲ್ಲಿ. ಅವರೇ ವೈಸ್ ಅಡ್ಮಿರಲ್ ರಾಮದಾಸ್ ಕಟಾರಿ.

ಕಟಾರಿಯವರು ಹುಟ್ಟಿದ್ದು 1911ರಲ್ಲಿ, ಮದ್ರಾಸ್ ಪ್ರಾಂತ್ಯದ ಚೆಂಗಲ್ಪಟ್ಟಿನಲ್ಲಿ. ಆ ಕಾಲದಲ್ಲಿ ಹಡಗಿನ ಖಲಾಸಿಗಳಾಗಿ ನಮ್ಮವರು ಬಹಳ ಜನ ದುಡಿಯುತ್ತಿದ್ದರು. ಹುಕುಂ ಕೊಡುವವರು ಮಾತ್ರ ಇಂಗ್ಲಿಷರು. ಸರ್ಕಾರದ ನೌಕಾದಳದಲ್ಲಿ ಮೊದಲ ಭಾರತೀಯ ಅಧಿಕಾರಿಯಾಗಿ ಡಿ. ಎನ್. ಮುಖರ್ಜಿ ನೇಮಕವಾದದ್ದೇ 1928ರಲ್ಲಿ.

ಅದಕ್ಕೆ ಸ್ವಲ್ಪ ಮುಂಚೆ, 1927ರಲ್ಲಿ, ಬಾಂಬೆಯಲ್ಲಿ 'ಡಫ್ರಿನ್' ಎಂಬ ತರಬೇತಿ ಹಡಗು ಶುರುವಾಯ್ತು. ವ್ಯಾಪಾರಿ ಹಡಗುಗಳಿಗೆ ಭಾರತೀಯ ಅಧಿಕಾರಿಗಳನ್ನು ತಯಾರು ಮಾಡುವುದು ಅದರ ಉದ್ದೇಶ. ಮೊದಲ ತಂಡದಲ್ಲೇ ಕಟಾರಿ ಸೇರಿದರು. ಆಮೇಲೆ ಸಿಕ್ಕಿದ್ದು ಯುದ್ಧನೌಕೆ ಅಲ್ಲ, ಕಲ್ಕತ್ತಾ ಬಂದರಿನವರ ಹೂಗ್ಲಿ ನದಿ ಸರ್ವೆ ಕೆಲಸ. ಹೂಗ್ಲಿಯಲ್ಲಿ ಮರಳುದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಆಳ ಅಳೆದು ನಕ್ಷೆ ತಿದ್ದುತ್ತಾ ಇರದಿದ್ದರೆ ಹಡಗು ಮರಳಲ್ಲಿ ಸಿಕ್ಕಿಕೊಳ್ಳುತ್ತೆ. ವರ್ಷಗಟ್ಟಲೆ ಆ ಮೆಹನತ್ತಿನ ಕೆಲಸ ಮಾಡಿದರು. 1939ರಲ್ಲಿ ಮಹಾಯುದ್ಧ ಶುರುವಾದಾಗ ನೌಕಾಪಡೆಯ ಮೀಸಲು ದಳಕ್ಕೆ ಅಧಿಕಾರಿಯಾಗಿ ಸೇರಿದರು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಗಮನಿಸಬೇಕು. ಭೂಸೇನೆಗೆ ಭಾರತೀಯ ಮುಖ್ಯಸ್ಥರು ಬಂದದ್ದು 1949ರಲ್ಲಿ, ನಮ್ಮ ಕೊಡಗಿನ ಕಾರ್ಯಪ್ಪನವರು. ವಾಯುಪಡೆಗೆ 1954ರಲ್ಲಿ. ನೌಕಾಪಡೆಗೆ ಮಾತ್ರ 1958ರ ಏಪ್ರಿಲ್‌ವರೆಗೆ ಬ್ರಿಟಿಷ್ ಅಧಿಕಾರಿಯೇ ಮುಖ್ಯಸ್ಥರು. ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿತ್ತು! ಯಾಕೆ? ನಮ್ಮವರಲ್ಲಿ ಯೋಗ್ಯತೆ ಇರಲಿಲ್ಲ ಅಂತಲ್ಲ. ಅಧಿಕಾರಿಗಳ ದರ್ವಾಜೆ ತೆರೆದದ್ದೇ ತಡವಾಗಿ. ದೊಡ್ಡ ಹಡಗು, ದೊಡ್ಡ ಪಡೆ ನಡೆಸುವ ಅನುಭವ ಒಂದೇ ದಿನದಲ್ಲಿ ಬರೋದಿಲ್ಲ. ಒಂದು ಪೀಳಿಗೆಗೆ ಶಾಲೆ ಮುಚ್ಚಿದರೆ ಮುಂದಿನ ಪೀಳಿಗೆಯಲ್ಲೂ ಕುರ್ಚಿ ಖಾಲಿಯೇ ಇರುತ್ತೆ.

1958ರ ಏಪ್ರಿಲ್ 22ರಂದು ಕಟಾರಿ ಅಧಿಕಾರ ವಹಿಸಿಕೊಂಡರು. ಆಗ ಅವರಿಗೆ 46 ವರ್ಷ. ದೇಶದ ಮೊದಲ ವಿಮಾನವಾಹಕ ನೌಕೆ 'ವಿಕ್ರಾಂತ್' ಸೇವೆಗೆ ಸೇರಿದ್ದು ಅವರ ಅವಧಿಯಲ್ಲೇ, 1961ರ ಮಾರ್ಚ್‌ನಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ನಡೆಯಿತು. ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಲು 'ತ್ರಿಶೂಲ್' ಮತ್ತು 'ಮೈಸೂರು' ಹಡಗುಗಳು ಹೋದವು. ಆ ಕಾರ್ಯಾಚರಣೆಯಲ್ಲಿ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು. ಗೆಲುವಿನ ಮಾತು ಬಂದಾಗ ಅವರನ್ನೂ ನೆನೆಯಬೇಕು.

ಕಟಾರಿಯವರು 1962ರಲ್ಲಿ ನಿವೃತ್ತರಾದರು. ಬರ್ಮಾಕ್ಕೆ ಭಾರತದ ರಾಯಭಾರಿಯಾಗಿಯೂ ಕೆಲಸ ಮಾಡಿ, 1983ರ ಜನವರಿಯಲ್ಲಿ ತೀರಿಕೊಂಡರು.

ಡಫ್ರಿನ್ ಹಡಗಿನ ದರ್ವಾಜೆ ತೆರೆದ ವರ್ಷವೇ ಒಳಗೆ ಕಾಲಿಟ್ಟ ಹುಡುಗ ಇವರು. ಅಲ್ಲಿಂದ ಮುಖ್ಯಸ್ಥರ ಕುರ್ಚಿ ತಲುಪಲು ಮೂವತ್ತು ವರ್ಷ ಬೇಕಾಯ್ತು. ಇಂದು ಎನ್‌ಡಿಎ ಪರೀಕ್ಷೆಯ ಅರ್ಜಿ ನಮ್ಮ ಮಕ್ಕಳ ಮೊಬೈಲಿನಲ್ಲೇ ಸಿಗುತ್ತೆ, ಹೆಣ್ಣುಮಕ್ಕಳಿಗೂ ಅದು ತೆರೆದಿದೆ. ಆ ಅರ್ಜಿಯನ್ನು ಅವರಿಗೆ ತೋರಿಸುವ ಕೆಲಸ ಮಾತ್ರ ನಮ್ಮದು, ಅಂದರೆ ಮೇಷ್ಟ್ರುಗಳದು, ತಂದೆತಾಯಿಯರದು.