ಅರವತ್ತಾರು ಕೂಪನ್ನುಗಳ ಪಾಠ

ದೀಪಾವಳಿ ಸಮೀಪಿಸಿತೆಂದರೆ ಮಿತ ವರಮಾನದ ಗೃಹಸ್ಥನಿಗೆ ಬಟ್ಟೆಯಂಗಡಿಯ ಚಿಂತೆ ಆರಂಭವಾಗುತ್ತದೆ. ಮನೆಯಲ್ಲಿ ಐದು ಜನ; ಕೈಯಲ್ಲಿರುವ ಹಣ ಇಷ್ಟೇ. ಎಲ್ಲರಿಗೂ ಅಗ್ಗದ ಉಡುಪುಗಳನ್ನು ಎರಡೆರಡು ತರಬೇಕೋ, ಬಾಳಿಕೆ ಬರುವುದನ್ನು ಒಂದೊಂದೇ ತರಬೇಕೋ? ಒಂದು ಇಡೀ ರಾಷ್ಟ್ರವೇ ಈ ಪ್ರಶ್ನೆಯನ್ನು ಎದುರಿಸಿದ ಪ್ರಸಂಗವೊಂದು ಇತಿಹಾಸದಲ್ಲಿದೆ. ಅದನ್ನು ಅವಲೋಕಿಸಿದರೆ ನಮ್ಮ ಮನೆಯ ಲೆಕ್ಕಕ್ಕೂ ಬೆಳಕು ದೊರೆತೀತು.

ಎರಡನೆಯ ಮಹಾಯುದ್ಧದ ಕಾಲ. ಬ್ರಿಟನ್ನಿಗೆ ಹತ್ತಿಯೂ ಬಹುಪಾಲು ಉಣ್ಣೆಯೂ ಹಡಗುಗಳಲ್ಲಿ ಬರಬೇಕಾಗಿತ್ತು. ಆ ಹಡಗುಗಳು ಆಹಾರಕ್ಕೂ ಯುದ್ಧಸಾಮಗ್ರಿಗೂ ಬೇಕಾದವು. ಗಿರಣಿಗಳು ಸೈನಿಕರ ಸಮವಸ್ತ್ರದಲ್ಲಿ ನಿರತವಾದವು. ಆದುದರಿಂದ 1941ರ ಜೂನ್ 1ರಂದು ಅಲ್ಲಿನ ಸರ್ಕಾರ ಉಡುಪಿಗೂ ಪಡಿತರವನ್ನು ಜಾರಿಗೆ ತಂದಿತು. ಮೊದಲ ವರ್ಷ ಒಬ್ಬರಿಗೆ 66 ಕೂಪನ್ನು. ಕೋಟು, ವೇಸ್ಟ್‌ಕೋಟು, ಷರಾಯಿಗಳುಳ್ಳ ಗಂಡಸರ ಉಣ್ಣೆಯ ಸೂಟಿಗೆ 26. ಹೆಂಗಸರ ಉಣ್ಣೆಯ ಉಡುಗೆಗೆ 11. ಬೆಲೆಯನ್ನು ಪ್ರತ್ಯೇಕವಾಗಿ ತೆರಬೇಕಾಗಿತ್ತು.

ಇಲ್ಲಿಯೇ ಒಂದು ತೊಡಕು ಹುಟ್ಟಿತು. ಸೂಟು ಉತ್ತಮವಾಗಿರಲಿ ಕಳಪೆಯಾಗಿರಲಿ, ಕೂಪನ್ನು ಮಾತ್ರ ಅಷ್ಟೇ. ಹಣವುಳ್ಳವನು 26 ಕೂಪನ್ನು ಕೊಟ್ಟು ಹಲವು ವರ್ಷ ಬಾಳುವ ಸೂಟನ್ನು ಕೊಂಡನು. ಬಡವನು ಅಷ್ಟೇ ಕೂಪನ್ನು ಕೊಟ್ಟು ಬೇಗ ಸವೆಯುವುದನ್ನು ಕೊಂಡನು. ಸಮಾನ ಹಂಚಿಕೆಯಾದರೂ ಫಲ ಸಮಾನವಾಗಲಿಲ್ಲ.

ಈ ದೋಷವನ್ನು ನೀಗಲು 1941ರಲ್ಲಿಯೇ ‘ಯುಟಿಲಿಟಿ’ ಎಂಬ ಉಡುಪುಗಳ ಯೋಜನೆ ಆರಂಭವಾಯಿತು. ಬಟ್ಟೆಯ ಗುಣಮಟ್ಟವನ್ನೂ ಮಾರಾಟದ ಗರಿಷ್ಠ ಬೆಲೆಯನ್ನೂ ಸರ್ಕಾರವೇ ಗೊತ್ತುಪಡಿಸಿ, ‘ಸಿಸಿ 41’ ಎಂಬ ಗುರುತನ್ನು ಹಾಕಿಸಿತು. 1942ರಲ್ಲಿ ಇವುಗಳಿಗೆ ತೆರಿಗೆಯ ವಿನಾಯಿತಿಯೂ ದೊರೆಯಿತು. ರಾಣಿಯವರ ಉಡುಪುಗಳನ್ನು ರೂಪಿಸುತ್ತಿದ್ದ ನಾರ್ಮನ್ ಹಾರ್ಟ್‌ನೆಲ್ ಅವರಂಥವರೇ ಈ ಜನಸಾಮಾನ್ಯರ ಉಡುಪಿಗೂ ವಿನ್ಯಾಸ ನೀಡಿದರು. ಜೇಬು, ನೆರಿಗೆ, ಗುಂಡಿಗಳಿಗೆ ಮಿತಿ ಬಂದಿತು. ಷರಾಯಿಯ ಕಾಲಿನ ಮಡಿಕೆಯೂ ನಿಷಿದ್ಧವಾಯಿತು. ಜನ ಗೊಣಗಿದರು, ಕಾಳಸಂತೆಯೂ ನಡೆಯಿತು. ಆದರೂ ಸಾಮಾನ್ಯನ ಕೈಗೆಟುಕುವ ಬೆಲೆಗೆ ಗಟ್ಟಿಯಾದ ಬಟ್ಟೆ ದೊರೆಯಿತು.

ಇದರೊಡನೆ ಇದ್ದುದನ್ನು ಜತನ ಮಾಡುವ ಶಿಕ್ಷಣವೂ ನಡೆಯಿತು. ತೇಪೆ ಹಾಕುವುದು, ಹಳೆಯದನ್ನು ಬಿಚ್ಚಿ ಹೊಸದಾಗಿ ಹೊಲಿಯುವುದು ಮುಂತಾದುವನ್ನು ತಿಳಿಸುವ ಕಿರುಪುಸ್ತಕವನ್ನು ಸರ್ಕಾರ 1943ರಲ್ಲಿ ಹೊರತಂದಿತು. ಬೆಳೆದ ಮಕ್ಕಳ ಬಟ್ಟೆಯನ್ನು ಕೊಟ್ಟು ದೊಡ್ಡ ಅಳತೆಯದನ್ನು ಪಡೆಯುವ ವಿನಿಮಯ ಕೇಂದ್ರಗಳನ್ನು ಮಹಿಳಾ ಸ್ವಯಂಸೇವಕಿಯರು ನಡೆಸಿದರು. ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ನಮ್ಮ ತಾಯಂದಿರಿಗೆ ಈ ವಿದ್ಯೆ ಹೊಸದೇನಲ್ಲ. ಬಟ್ಟೆಯ ಪಡಿತರ 1949ರ ಮಾರ್ಚಿಯಲ್ಲಿ ಕೊನೆಗೊಂಡಿತು.

ಈ ಪ್ರಸಂಗದಿಂದ ಎರಡು ಪಾಠಗಳನ್ನು ಗ್ರಹಿಸಬಹುದು. ಮೊದಲನೆಯದು ಗೃಹಸ್ಥನಿಗೆ. ಉಡುಪಿನ ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ ನೋಡಬೇಕು. ಮುನ್ನೂರು ರೂಪಾಯಿಯ ಅಂಗಿ ಒಂದೇ ವರ್ಷ ಬಂದು, ಆರುನೂರರದು ಮೂರು ವರ್ಷ ಬಂದರೆ, ವರ್ಷಕ್ಕೆ ತಗಲುವ ವೆಚ್ಚ ಎರಡನೆಯದಕ್ಕೇ ಕಡಿಮೆ. ನೇಯ್ಗೆ ಒತ್ತಾಗಿದೆಯೇ, ಹೊಲಿಗೆ ಬಿಗಿಯಾಗಿದೆಯೇ, ಮುಂದೆ ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆ ಬಿಟ್ಟಿದ್ದಾರೆಯೇ ಎಂಬುದನ್ನು ಪರೀಕ್ಷಿಸಿ ಕೊಳ್ಳಬೇಕು.

ಎರಡನೆಯದು ಉಳ್ಳವರಿಗೆ. ಕೈಯಲ್ಲಿ ಮುನ್ನೂರೇ ಇರುವವನಿಗೆ ಈ ಗಣಿತವನ್ನು ಬೋಧಿಸಿ ಫಲವೇನು? ಕೆಲವು ವರ್ಷಗಳ ಹಿಂದೆ ಸಾಮೂಹಿಕ ವಿವಾಹವೊಂದರಲ್ಲಿ ವಧುಗಳಿಗೆ ನಾವೇ ಸೀರೆಗಳನ್ನು ವಿತರಿಸಿದ್ದೆವು. ಬಣ್ಣ ಕಣ್ಣು ಕೋರೈಸುವಂತಿತ್ತು. ಮುಂದಿನ ಜಾತ್ರೆಯಲ್ಲಿ ಒಬ್ಬ ವೃದ್ಧೆ ನಮಸ್ಕರಿಸಿ ಹೇಳಿದರು: “ಬುದ್ಧಿ, ನೀವು ಕೊಟ್ಟ ಸೀರಿ ನಾಕು ಸಲ ಒಗಿಯೂದ್ರಾಗ ಹಿಂಜಿ ಹೋತ್ರಿ. ಒಂದ ಕೊಡ್ರಿ, ಗಟ್ಟಿದು ಕೊಡ್ರಿ.” ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದುದರಿಂದ ಸದ್ಭಕ್ತರೇ, ಮನೆಗೆ ಕೊಳ್ಳುವಾಗ ಎಣಿಕೆಯನ್ನು ಕಡಿಮೆ ಮಾಡಿ ಗುಣವನ್ನು ನೋಡಿರಿ. ಪರರಿಗೆ ಕೊಡುವಾಗ ಇನ್ನೂ ಹೆಚ್ಚು ಎಚ್ಚರದಿಂದ ಗುಣವನ್ನು ನೋಡಿರಿ. ಆ ಬಟ್ಟೆ ಹರಿದರೆ ಮತ್ತೊಂದನ್ನು ಕೊಳ್ಳುವ ಶಕ್ತಿ ಅವರಿಗಿಲ್ಲ.