ಒಂದು ಕದನಚಿತ್ರ ಕಾಣಿಸದೆ ಬಿಟ್ಟದ್ದು

ಶ್ರೀರಂಗಪಟ್ಟಣದ ಕೋಟೆಗೆ ಇಂಗ್ಲಿಷರು ಲಗ್ಗೆಯಿಟ್ಟ ದೃಶ್ಯದ ಹಳೆಯ ಮುದ್ರಿತ ಚಿತ್ರವೊಂದನ್ನು ತಾವು ಪುಸ್ತಕಗಳಲ್ಲಿಯಾದರೂ ನೋಡಿರಬಹುದು. ಹೊಗೆ ಕವಿದ ಕೋಟೆ, ಒಡೆದ ಗೋಡೆಯನ್ನೇರುತ್ತಿರುವ ಸಿಪಾಯಿಗಳು, ನಡುವೆ ಕತ್ತಿಯೆತ್ತಿ ನಿಂತ ಸೇನಾನಿ ಡೇವಿಡ್ ಬೇರ್ಡ್. ಹಿಂದೆ 1780ರ ಪೊಲ್ಲಿಲೂರು ಕದನದಲ್ಲಿ ಸೆರೆಸಿಕ್ಕು, ಮೂರು ವರ್ಷಕ್ಕೂ ಮೀರಿ ಅದೇ ಪಟ್ಟಣದಲ್ಲಿ ಬೇಡಿ ತೊಟ್ಟಿದ್ದವನು ಆತ.

ಇದರ ಮೂಲವನ್ನು ರಚಿಸಿದವನು ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ. 1799ನೆಯ ಮೇ 4ರ ಆ ಮಧ್ಯಾಹ್ನವನ್ನು ಅವನು ಕಂಡವನಲ್ಲ. ಭರತಖಂಡದ ನೆಲವನ್ನೇ ಮೆಟ್ಟಿದವನಲ್ಲ. ಆದರೂ ಮರುವರ್ಷವೇ, ಕೆಲವೇ ವಾರಗಳ ದುಡಿಮೆಯಿಂದ, ನೂರು ಅಡಿಗೂ ಮೀರಿದ ಬಟ್ಟೆಯ ಮೇಲೆ ಇಡೀ ಕದನವನ್ನು ಬರೆದು ಲಂಡನ್ನಿನ ಲೈಸಿಯಂ ಮಂದಿರದಲ್ಲಿ ಪ್ರದರ್ಶನಕ್ಕಿಟ್ಟನು. ಜನ ಹಣ ತೆತ್ತು ನೋಡಿ ಬೆರಗಾದರು. ಆ ಮಹಾಪಟ ಮುಂದೆ ಬೆಂಕಿಗೆ ಆಹುತಿಯಾಯಿತು. ಇಟಲಿ ಮೂಲದ ವೆಂಡ್ರಾಮಿನಿಯು ಅದನ್ನು ಮೂರು ಭಾಗಗಳಾಗಿ ತಾಮ್ರದ ತಗಡಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದು ಅಚ್ಚು ಹಾಕಿಸಿದ್ದರಿಂದಲೇ ಇಂದು ನಮಗೆ ಅದರ ಸ್ವರೂಪ ತಿಳಿದಿದೆ.

ಸೋತವರು ಮಾತ್ರ ಇಂಥ ಚಿತ್ರ ಬರೆಯಿಸಲಿಲ್ಲವೆಂದು ಭಾವಿಸಬೇಡಿ. ದರಿಯಾ ದೌಲತ್ತಿನ ಗೋಡೆಯ ಮೇಲೆ ಟಿಪ್ಪು ಬರೆಯಿಸಿದ್ದು ಇಂಗ್ಲಿಷರು ಸೋತ ಪೊಲ್ಲಿಲೂರನ್ನೇ. ಗೆದ್ದವನ ಗೋಡೆಯ ಮೇಲೆ ಗೆದ್ದವನ ಚಿತ್ರ!

ಪೋರ್ಟರನ ಚಿತ್ರವು ಗೋಡೆಯನ್ನೇರುವಲ್ಲಿಗೆ ನಿಲ್ಲುತ್ತದೆ. ಅಂದಿನ ರಾತ್ರಿ ಅದರಲ್ಲಿಲ್ಲ. ಪಟ್ಟಣದಲ್ಲಿ ಲೂಟಿಗೊಳಗಾಗದ ಮನೆ ವಿರಳವೆಂದು ಆರ್ಥರ್ ವೆಲ್ಲೆಸ್ಲಿಯೇ ಗವರ್ನರ್ ಜನರಲ್ ಆಗಿದ್ದ ತನ್ನ ಅಣ್ಣನಿಗೆ ಬರೆದನು. ನೇಣು ಮತ್ತು ಛಡಿಯೇಟುಗಳಿಂದಲೇ ಅವನು ತನ್ನ ಸೈನಿಕರನ್ನು ತಹಬಂದಿಗೆ ತರಬೇಕಾಯಿತು. ಮನೆಗಳೊಳಗಿದ್ದ ಹೆಂಗಸರು, ಮಕ್ಕಳು, ಮುದುಕರಿಗೆ ಆ ಉದ್ದನೆಯ ಪಟದಲ್ಲಿ ಒಂದು ಗೇಣು ಜಾಗವೂ ದೊರೆಯಲಿಲ್ಲವೆಂಬುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಗೋಪಾಳದಲ್ಲಿ ಕುಳಿತು ಇದನ್ನೋದುವ ತಾವು, ಆ ಕಾವೇರಿಗೂ ನಮ್ಮ ತುಂಗೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವುಂಟು. ಅದೇ ದಿನ ಪಟ್ಟಣದ ಸೆರೆಮನೆಯ ಬಾಗಿಲುಗಳು ತೆರೆದವು. ಹೊರಬಂದವರಲ್ಲಿ ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನೊಬ್ಬ. ಹೈದರನ ಸೈನ್ಯದಲ್ಲಿದ್ದವನು, ಟಿಪ್ಪುವಿನ ಸೆರೆಯಾಳಾಗಿದ್ದವನು. ಚದುರಿಹೋಗಿದ್ದ ಸವಾರರನ್ನು ಕೂಡಿಸಿಕೊಂಡು ಅವನು ನೇರವಾಗಿ ಬಿದನೂರು ಸೀಮೆಗೆ ಬಂದನು. ಕೆಳದಿಯ ಅರಸರ ಆ ನಾಡು 1763ರಲ್ಲಿ ಹೈದರನ ಕೈಯಲ್ಲಿ ಒಮ್ಮೆ ನಲುಗಿತ್ತು. ಈಗ ಉಳ್ಳವರನ್ನು ಹಿಂಸಿಸಿ ಹಣ ಕಸಿಯುವ ಮತ್ತೊಬ್ಬನನ್ನು ಕಂಡಿತು. ಇಂಗ್ಲಿಷ್ ಪಡೆಗಳು ಅವನನ್ನು ಗಡಿಯಾಚೆಗೆ ಅಟ್ಟಿದವು. ಕಡೆಗೆ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ವೆಲ್ಲೆಸ್ಲಿಯ ಕುದುರೆ ಪಡೆಗೆ ಸಿಕ್ಕಿ ಅವನು ಮಡಿದನು.

ಅಲ್ಲಿ ಬಿಟ್ಟುಹೋದ ಸರಂಜಾಮಿನ ನಡುವೆ ಧೋಂಡಿಯನ ಮಗನೆನಿಸಿಕೊಂಡಿದ್ದ ಸಲಾಬತ್ ಖಾನನೆಂಬ ಪುಟ್ಟ ಬಾಲಕ ದೊರಕಿದನು. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದನು. ಈ ದೇಶ ಬಿಟ್ಟು ಹೊರಡುವಾಗ ಅವನ ಪಾಲನೆಗೆಂದು ಹಣವಿರಿಸಿ ಹೋದನು.